ಬಿದಿರಿನ ಲೆಕ್ಕ: ಅಸಲೆಷ್ಟು, ಬಡ್ಡಿ ಎಷ್ಟು?

(ರೈತರ ಸಭೆಯಲ್ಲಿ ಆಡಿದ ಮಾತು)



ಬಡ್ಡಿ ಲೆಕ್ಕ ನಮಗೆ ಯಾರೂ ಕಲಿಸಬೇಕಾಗಿಲ್ಲ. ಸಾಲ ಮಾಡಿದವರೇ ನಾವೆಲ್ಲ. ಅದೇ ಲೆಕ್ಕದಿಂದ ಇವತ್ತು ಕಾಡನ್ನು ನೋಡೋಣ. ಕಾಡಿನಿಂದ ವರ್ಷಕ್ಕೆ ಎಷ್ಟು ಕಡಿಯಬಹುದು? ನಿಂತದ್ದು ಅಸಲು, ವರ್ಷವರ್ಷ ಬೆಳೆದದ್ದು ಬಡ್ಡಿ. ಬಡ್ಡಿ ಮಾತ್ರ ತಿನ್ನಬೇಕು.

ಉತ್ತರ ಕನ್ನಡದ ಬಿದಿರಿನ ಕಥೆ ಕೇಳಿ. 1958ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ! ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಾಗಿತ್ತು. ಕಾಡಿನಲ್ಲಿ ಬಿದಿರು ಮುಗಿಯುವುದೇ ಇಲ್ಲ ಅನ್ನೋ ಭರವಸೆ ಬೇರೆ. ಬಿದಿರು ಹಾಳಾಗುತ್ತಿದೆ ಅಂತ ಮೇದಾರರು ಕೂಗಿದ ಮೇಲೆ, 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಯವರು ಕಾಡಿಗೆ ಹೋಗಿ ಎಣಿಸಿದರು. ಮೊದಲಿನ ಅಂದಾಜು ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿತ್ತು.

ಇನ್ನೊಂದು ತಪ್ಪೂ ಹೊರಬಿತ್ತು. ಬಿದಿರು ಚೆನ್ನಾಗಿ ಬರಲಿ ಅಂತ ಮೆಳೆಯ ಬುಡದ ಮುಳ್ಳು ಸವರಿಸಿದ್ದರು. ಮುಳ್ಳು ಹೋದರೆ ಕಳಲೆಗೆ ಕಾವಲಿಲ್ಲ, ದನ, ಮುಳ್ಳುಹಂದಿ, ಕೋತಿ ತಿಂದು ಮುಗಿಸುತ್ತವೆ. ಊರಿನವರು ಇದನ್ನು ಮೊದಲೇ ಹೇಳಿದ್ದರು. ಕೇಳುವವರು ಯಾರು?

ಹಾಗಾದರೆ ಸರಿಯಾದ ಲೆಕ್ಕ ಯಾವುದು? ಉದಾಹರಣೆಗೆ, ಒಂದು ಮೆಳೆಯಲ್ಲಿ 40 ಗಳ ಇವೆ ಅನ್ನಿ. ಮಳೆಗಾಲದಲ್ಲಿ ಆರು ಕಳಲೆ ಎದ್ದು, ಮೂರು ಪ್ರಾಣಿಗಳ ಪಾಲಾಗಿ, ಮೂರು ಗಳವಾದವು. ಆ ಮೆಳೆಯ ಬಡ್ಡಿ ಮೂರೇ. ಅದರಲ್ಲೂ ಊರಿನ ಬೇಲಿಗೆ, ಬುಟ್ಟಿಗೆ ಒಂದು ಬೇಕು. ಮಾರುವುದಕ್ಕೆ ಉಳಿದದ್ದು ಎರಡು. ಕಡಿಯುವಾಗಲೂ ಬಲಿತದ್ದನ್ನೇ ಕಡಿಯಬೇಕು, ಈ ವರ್ಷದ, ಹೋದ ವರ್ಷದ ಗಳ ಮುಟ್ಟಬಾರದು. ರಸ್ತೆಯಲ್ಲಿ ನಿಂತು 40 ನೋಡಿ, ವರ್ಷಕ್ಕೆ ಹತ್ತು ಅಂತ ಬರೆದರೆ ಐದಾರು ವರ್ಷದಲ್ಲಿ ಮೆಳೆಯೇ ಇರುವುದಿಲ್ಲ. ಬಿದಿರು ಹೂಬಿಟ್ಟರಂತೂ ಮೆಳೆಗೆ ಮೆಳೆಯೇ ಒಣಗುತ್ತದೆ. ಹೊಸ ಸಸಿ ಮೇಲೇಳುವವರೆಗೆ ಬಡ್ಡಿ ಸೊನ್ನೆ.

ಬೆಲೆಗೂ ಲೆಕ್ಕಕ್ಕೂ ನಂಟಿದೆ ಸ್ವಾಮಿ. ಒಂದೂವರೆ ರೂಪಾಯಿಯ ಮಾಲನ್ನು ಯಾರು ಎಣಿಸಿಯಾರು?

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಸೇರಿಸಿದೆ. ಸಮುದಾಯದ ಹಕ್ಕು ಸಿಕ್ಕ ಕಡೆ ಕಾಡು ಕಾಯುವ ಅಧಿಕಾರ ಗ್ರಾಮಸಭೆಗಿದೆ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಮೇದಾರರನ್ನೂ ದನಗಾಹಿಗಳನ್ನೂ ಕರೆದುಕೊಂಡು ಹೋಗಿ, ಬದುಕಿದ ಕಳಲೆ ಎಣಿಸಿ, ಗ್ರಾಮಸಭೆಯ ಪುಸ್ತಕದಲ್ಲಿ ಬರೆಸಿ. ಆಮೇಲೆ ಯಾರೇ ಕಡಿಯಲು ಬರಲಿ, ಮೊದಲು ಆ ಪುಸ್ತಕ ಬಿಚ್ಚಿ ಮುಂದಿಡಿ.