ಆಟದ ಮನೆಗೆ ಎಷ್ಟು ಬಾಗಿಲು? ಅವ್ವ ಕೇಳಿದ ಒಂದು ಪ್ರಶ್ನೆ

(ಪಾಡ್‌ಕಾಸ್ಟ್‌ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಇನ್ನು ಹತ್ತು ನಿಮಿಷ ನನ್ನ ಜೊತೆ ಇರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ನಿಮಗೇ. ನಿಮಗಿನ್ನೂ ಮದುವೆ ಆಗಿಲ್ಲ ಅಂದ್ರೂ ನಿಮಗೇ. ಯಾಕಂದ್ರೆ ಅಕ್ಕನ ಮಕ್ಕಳನ್ನ, ಅಣ್ಣನ ಮಕ್ಕಳನ್ನ ರಜಕ್ಕೆ ಸುತ್ತಾಡಿಸೋ ಕೆಲಸ ಕೊನೆಗೆ ಬೀಳೋದು ನಮ್ಮಂಥವರ ತಲೆ ಮೇಲೇ ಅಲ್ವಾ?

ನಂದು ದುದ್ದ. ಹಾಸನದಿಂದ ಅರಸೀಕೆರೆ ಕಡೆ ಹೋಗೋರಿಗೆ ಗೊತ್ತಿರುತ್ತೆ. ನಾನು ಕೆಲಸ ಮಾಡೋದು ಬೆಂಗಳೂರಲ್ಲಿ, ಮನಸ್ಸು ಇರೋದು ಊರಲ್ಲಿ. ಕಳೆದ ಬೇಸಿಗೆ ರಜಕ್ಕೆ ಅಕ್ಕನ ಮಕ್ಕಳಿಬ್ಬರೂ ಒಂದೇ ಹಟ. ದೊಡ್ಡವಳು ಪುಟ್ಟಿ, ಮೂರನೇ ಕ್ಲಾಸು. ಚಿಕ್ಕವನು ಗುಂಡ, ಇನ್ನೂ ನಾಲ್ಕು ತುಂಬಿಲ್ಲ. ಯಾವುದೋ ರೀಲ್ಸ್‌ನಲ್ಲಿ ಬಣ್ಣಬಣ್ಣದ ಚೆಂಡಿನ ಗುಂಡಿ, ಜಾರುಬಂಡೆ, ಟ್ರ್ಯಾಂಪೊಲಿನ್ ನೋಡ್ಬಿಟ್ಟಿದ್ದಾರೆ. "ಮಾವ, ಅಲ್ಲಿಗೆ ಕರ್ಕೊಂಡೋಗು." ಅಕ್ಕನಿಗೆ ಆಲೂಗಡ್ಡೆ ಬಿತ್ತನೆ ಕೆಲಸ, ಭಾವನಿಗೂ ಅದೇ. ಕೊನೆಗೆ ಹೊರಟಿದ್ದು ನಾನು, ಅವ್ವ, ಎರಡು ಮಕ್ಕಳು. ಹಾಸನದವರೆಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ರೈಲು ಶುರುವಾದ ಮೇಲೆ ನಮ್ಮ ಕಡೆಯವರಿಗೆ ಬೆಂಗಳೂರು ಸ್ವಲ್ಪ ಹತ್ತಿರ ಬಂದಂಗಾಗಿದೆ.

ಲೆಕ್ಕ ಮೊದಲು

ದುಡ್ಡಿನ ಮಾತು ಮೊದಲು ಮುಗಿಸ್ತೀನಿ. ನಾವು ಹೋದ ಜಾಗದ ಹೆಸರು ಬೇಡ. ಒಂದು ಕಟ್ಟಡದ ಮೂರನೇ ಮಹಡಿ, ಎಸಿ, ಜೋರು ಹಾಡು. ಒಂದು ಮಗುವಿಗೆ ಒಂದು ಗಂಟೆಗೆ 600 ರೂಪಾಯಿ. ಜೊತೆಗೆ ಹೋಗೋ ದೊಡ್ಡವರಿಗೆ 150. ಅಡಿಯಲ್ಲಿ ರಬ್ಬರ್ ಚುಕ್ಕಿ ಇರೋ ಸಾಕ್ಸ್ ಹಾಕಲೇಬೇಕು, ಅದನ್ನ ಅಲ್ಲೇ ಕೊಳ್ಳಬೇಕು, ಜೊತೆಗೆ 80. ಹೊರಗಿನ ತಿಂಡಿ ಒಳಗೆ ಬಿಡಲ್ಲ. ಅವ್ವ ಕಟ್ಕೊಂಡು ಬಂದಿದ್ದ ಚಕ್ಕುಲಿ, ಚಿತ್ರಾನ್ನ ಎರಡೂ ಕೌಂಟರ್‌ನಲ್ಲಿ ಉಳೀತು. ಒಳಗೆ ಎರಡು ಜೋಳದ ಕಪ್ಪು, ಒಂದು ನೀರಿನ ಬಾಟ್ಲು. ಒಂದು ಗಂಟೆಗೆ ಎರಡು ಸಾವಿರ ದಾಟಿತು. ಅವ್ವ ಅಂದಿದ್ದು ಇಷ್ಟೇ: "ಇಷ್ಟು ದುಡ್ಡಿಗೆ ನಾಕು ಆಳು ಬತ್ತಿದ್ರು ಕಣೋ."

ಸರಿ, ಮಕ್ಕಳ ಮುಖ ನೋಡಿದ್ರೆ ದುಡ್ಡು ಮರೆತೋಗುತ್ತೆ. ಗುಂಡ ಚೆಂಡಿನ ಗುಂಡಿಗೆ ಬಿದ್ದೋನು ಏಳ್ಲೇ ಇಲ್ಲ. ಪುಟ್ಟಿ ನೆಗೀತಾನೇ ಇದ್ಲು. ನಾನೂ ಎರಡು ಸಲ ನೆಗೆದೆ, ಸುಳ್ಳು ಹೇಳಲ್ಲ.

ಕರೆಂಟು ಹೋಯ್ತು

ನಲವತ್ತು ನಿಮಿಷ ಆಗಿತ್ತೇನೋ. ಧಡಕ್ಕಂತ ಕರೆಂಟ್ ಹೋಯ್ತು. ಕಿಟಕಿ ಇಲ್ಲದ ಹಾಲು. ಹಾಡು ನಿಂತಿತು. ಒಂದು ಕ್ಷಣ ಪೂರ್ತಿ ಮೌನ, ಆಮೇಲೆ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದ್ರು. ಜನರೇಟರ್ ಬರುತ್ತೆ ಅಂತ ಯಾರೋ ಕೂಗಿದ್ರು. ಬರಲಿಲ್ಲ. ಮೊಬೈಲ್ ಟಾರ್ಚುಗಳು ಹತ್ತಿಕೊಂಡವು. ಎಲ್ಲ ಅಪ್ಪ ಅಮ್ಮಂದಿರೂ ಬಂದ ಬಾಗಿಲ ಕಡೆಗೇ ಹೊರಟರು. ಆ ಬಾಗಿಲ ಮುಂದೆ ಚಪ್ಪಲಿ ಸ್ಟ್ಯಾಂಡು, ಟಿಕೆಟ್ ಟೇಬಲ್ಲು. ಇಬ್ಬರು ಒಟ್ಟಿಗೆ ದಾಟೋಕಾಗಲ್ಲ.

ಪುಟ್ಟಿ ಕೈ ಸಿಕ್ತು. ಗುಂಡ ಸಿಗಲಿಲ್ಲ.

ನಾನು ಚೆಂಡಿನ ಗುಂಡಿಯಲ್ಲಿ ಕೈಯಾಡಿಸ್ತಾ "ಗುಂಡಾ, ಗುಂಡಾ" ಅಂತಿದ್ದೀನಿ. ಕೈಗೆ ಸಿಗೋದೆಲ್ಲ ಪ್ಲಾಸ್ಟಿಕ್ ಚೆಂಡು. ಎಷ್ಟು ಹೊತ್ತು ಅಂದ್ರೆ, ಆಮೇಲೆ ಲೆಕ್ಕ ಹಾಕಿದ್ರೆ ನಾಲ್ಕೈದು ನಿಮಿಷ ಇರಬೇಕು. ಆವತ್ತು ಅದು ಒಂದು ದಿನ ಇತ್ತು. ಅಕ್ಕನಿಗೆ ಏನಂತ ಹೇಳೋದು ಅನ್ನೋದೊಂದೇ ತಲೇಲಿ.

ದೀಪ ಬಂದಾಗ ಗುಂಡ ಜಾರುಬಂಡೆ ಕೊಳವೆಯ ಬಾಯಲ್ಲಿ ಮುದುರಿ ಕೂತಿದ್ದ. ಅಳ್ತಾ ಇರಲಿಲ್ಲ. "ಮಾವ, ಕತ್ತಲೆ ಆಟ ಮುಗೀತಾ?" ಅಂದ. ಎತ್ಕೊಂಡೆ. ನನ್ನ ಕೈ ನಡುಗ್ತಿತ್ತು, ಅವನದಲ್ಲ.

ಅವ್ವ ಒಳಗೆ ಬಂದ್ಲು. ನನ್ನ ಬೈಯಲಿಲ್ಲ. ನೇರ ಅಲ್ಲಿ ಕೆಲಸ ಮಾಡೋ ಹುಡುಗನ ಹತ್ತಿರ ಹೋಗಿ ಕೇಳಿದ್ಲು: "ಇದಕ್ಕೆ ಇನ್ನೊಂದು ಬಾಗ್ಲಿಲ್ವಾ ಮಗ?" ಆ ಹುಡುಗ ಹಿಂದಿನ ಪರದೆ ತೋರಿಸಿದ. ಅವ್ವ ಹೋಗಿ ಪರದೆ ಸರಿಸಿದ್ಲು. ಹಿಂದೆ ಬಾಗಿಲಿತ್ತು. ಮೇಲೆ 'ತುರ್ತು ನಿರ್ಗಮನ' ಅನ್ನೋ ಹಸಿರು ಬೋರ್ಡೂ ಇತ್ತು. ಬಾಗಿಲಿಗೆ ಒರಗಿಸಿ ಹುಟ್ಟುಹಬ್ಬದ ಪಾರ್ಟಿಯ ಕುರ್ಚಿಗಳು, ರಟ್ಟಿನ ಡಬ್ಬಗಳು, ಸೂರಿನವರೆಗೆ.

ಅವ್ವ ಅಂದ್ಲು: "ನಮ್ಮ ಕೊಟ್ಗೆಗೂ ಹಿತ್ಲು ಕಡೆ ಒಂದು ಬಾಗ್ಲು ಇಕ್ಕಿದೀವಿ. ದನಕ್ಕಿರೋ ದಾರಿ ಮಕ್ಳಿಗಿಲ್ವಾ?"

ಸುತ್ತ ಜನ ನೋಡ್ತಿದ್ರು. ನಾನೇನಂದೆ ಗೊತ್ತಾ? "ಅವ್ವ, ಸುಮ್ನಿರು, ನಡಿ ಹೋಗಣ." ನಾಚಿಕೆ ಆಯ್ತು ನನಗೆ. ಊರೋರು ಅಂದ್ಕೊಳ್ತಾರೆ ಅಂತ. ಈ ಸಂಚಿಕೆ ಮಾಡ್ತಿರೋದು ಆ ನಾಚಿಕೆಗೆ ನಾಚಿಕೆಯಾಗಿ.

ರಾಜ್‌ಕೋಟ್ ನೆನಪು

ಆ ರಾತ್ರಿ ನಿದ್ದೆ ಬರಲಿಲ್ಲ. 2024ರ ಮೇ 25 ನಿಮಗೆ ನೆನಪಿರಬಹುದು. ಗುಜರಾತಿನ ರಾಜ್‌ಕೋಟ್‌ನ ಟಿಆರ್‌ಪಿ ಗೇಮ್ ಝೋನ್‌ನಲ್ಲಿ ಬೆಂಕಿ. ಅದೂ ಬೇಸಿಗೆ ರಜ, ಶನಿವಾರ, 99 ರೂಪಾಯಿ ಆಫರ್ ಟಿಕೆಟ್, ತುಂಬಿದ ಜನ. ಮಕ್ಕಳೂ ಸೇರಿ 27 ಜನ ಸತ್ತರು. ಒಳಗೆ ವೆಲ್ಡಿಂಗ್ ಕೆಲಸ ನಡೀತಿತ್ತು, ಇಂಧನ ಶೇಖರಿಸಿ ಇಟ್ಟಿದ್ದರು, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲ, ಹೊರಗೆ ಬರೋಕೆ ಸರಿಯಾದ ದಾರಿ ಇರಲಿಲ್ಲ ಅಂತ ಆಮೇಲೆ ಒಂದೊಂದೇ ಹೊರಗೆ ಬಂತು.

ಆಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಒಂದು ವರ್ಷ ದಾಟೋದ್ರೊಳಗೆ ನಾನೇ ಅಂಥ ಒಂದು ಹಾಲಿಗೆ ಎರಡು ಮಕ್ಕಳನ್ನ ಕರ್ಕೊಂಡು ಹೋಗಿದ್ದೆ, ಬಾಗಿಲು ಎಷ್ಟಿದೆ ಅಂತ ನೋಡದೇ.

ನಮ್ಮ ಆಟದ ಮನೆಗಳಲ್ಲಿ ಹೊತ್ತಿಕೊಳ್ಳೋಕೆ ಏನಿದೆ ನೋಡಿ. ಫೋಮು, ರೆಕ್ಸಿನ್ನು, ಪ್ಲಾಸ್ಟಿಕ್ಕು, ಬಟ್ಟೆ ಪರದೆ. ಫೋಮ್ ಹತ್ತಿಕೊಂಡ್ರೆ ಬೆಂಕಿಗಿಂತ ಮುಂಚೆ ಹೊಗೆಯೇ ಉಸಿರು ಕಟ್ಟಿಸುತ್ತೆ. ಅದಕ್ಕೇ ಎರಡನೇ ಬಾಗಿಲು ಅಲಂಕಾರ ಅಲ್ಲ.

ಆದ್ದರಿಂದ ಟಿಕೆಟ್ ತಗೊಳ್ಳೋಕೆ ಮುಂಚೆ ಮಾಡಬೇಕಾದ್ದು ಇಷ್ಟು. ಒಂದು, ಎರಡನೇ ಬಾಗಿಲು ಎಲ್ಲಿ ಅಂತ ಕೇಳಿ. ಕೇಳಿದ್ರೆ ಸಾಲದು, ಹೋಗಿ ನೋಡಿ. ಬೀಗ ಇದೆಯಾ, ಸಾಮಾನು ಇದೆಯಾ, ಒಳಗಿನಿಂದ ತಳ್ಳಿದ್ರೆ ತೆಗೆಯುತ್ತಾ? ಎರಡು, ಬೆಂಕಿ ಆರಿಸೋ ಸಿಲಿಂಡರ್ ಗೋಡೆ ಮೇಲಿದೆಯಾ, ಅದರ ಮುಳ್ಳು ಹಸಿರು ಭಾಗದಲ್ಲಿದೆಯಾ ನೋಡಿ. ಮೂರು, ಆಟದ ಜಾಗದ ಒಳಗೆ ನಿಂತು ಮಕ್ಕಳನ್ನ ನೋಡ್ಕೊಳ್ಳೋ ಸಿಬ್ಬಂದಿ ಇದ್ದಾರಾ, ಇಲ್ಲ ಎಲ್ಲರೂ ಕೌಂಟರ್‌ನಲ್ಲೇ ಇದ್ದಾರಾ? ನಾಲ್ಕು, ಮಕ್ಕಳ ಜೊತೆ ಒಂದು ಜಾಗ ಗೊತ್ತು ಮಾಡ್ಕೊಳ್ಳಿ. "ಏನಾದ್ರೂ ಆದ್ರೆ ಈ ಕೆಂಪು ಕಂಬದ ಹತ್ರ ಬಾ." ಚಿಕ್ಕವರಿಗೆ ಅದೂ ಒಂದು ಆಟ, ಕಲಿಯುತ್ತವೆ.

ಸರಿ ಇಲ್ಲ ಅನ್ನಿಸಿದ್ರೆ ವಾಪಸ್ ಬನ್ನಿ. ಮಕ್ಕಳು ಅಳ್ತವೆ. ಅತ್ತರೆ ಐಸ್‌ಕ್ರೀಮ್ ಕೊಡಿಸಿ.

ಚೀಲದಲ್ಲಿ ಏನಿರಬೇಕು?

ಈಗ ಸಾಮಾನಿನ ವಿಷಯ. ಆನ್‌ಲೈನ್‌ನಲ್ಲಿ 'ಮಕ್ಕಳ ಪ್ರಯಾಣಕ್ಕೆ ಬೇಕೇಬೇಕು' ಅಂತ ಸಾವಿರ ವಸ್ತು ತೋರಿಸ್ತಾರೆ. ಹೆಚ್ಚಿನವು ಬೇಡ. ಬೇಕಾದ್ದು ನಾಲ್ಕೈದು.

ಮೊದಲನೇದು ನಮ್ಮ ಕಡೆಯವರಿಗೆ ತುಂಬ ಮುಖ್ಯ. ನಾವು ಹಾಸನಕ್ಕೆ ಹೋಗೋದು ಬೈಕಲ್ಲಿ. ಮಗು ಟ್ಯಾಂಕ್ ಮೇಲೆ, ಹೆಂಡತಿ ಹಿಂದೆ, ನಡುವೆ ಇನ್ನೊಂದು ಮಗು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನ ದ್ವಿಚಕ್ರ ವಾಹನದಲ್ಲಿ ಕರ್ಕೊಂಡು ಹೋಗೋರಿಗೆ 2023ರ ಫೆಬ್ರವರಿ 15ರಿಂದ ಕೇಂದ್ರದ ನಿಯಮವೇ ಇದೆ. ಮಗುವನ್ನ ಓಡಿಸೋರಿಗೆ ಸೇರಿಸಿ ಕಟ್ಟೋ ಸುರಕ್ಷತಾ ಬೆಲ್ಟು ಬೇಕು, ಮಗುವಿನ ತಲೆಗೆ ಸರಿಯಾಗಿ ಕೂರೋ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ನಾಲ್ಕು ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ಜನ ಕೂರೋದಂತೂ ಕಾನೂನಿನಲ್ಲೇ ಇಲ್ಲ. ಮಗು ಹಿಂದೆ ನಿದ್ದೆ ಹೋಗಿ ಜಾರೋದನ್ನ ಒಂದು ಸಲ ನೋಡಿದೋರಿಗೆ ಆ ಬೆಲ್ಟು ಯಾಕೆ ಅಂತ ಹೇಳಬೇಕಾಗಿಲ್ಲ. ಆಟಕ್ಕೆ ಎರಡು ಸಾವಿರ ಕೊಡೋ ನಾವು ಇದಕ್ಕೂ ಸ್ವಲ್ಪ ಕೊಡಬಹುದು. ನಾನು ಆ ವಾರವೇ ಅಕ್ಕನ ಮನೆಗೆ ತಂದುಕೊಟ್ಟೆ. ಭಾವ ಮೊದಲು ನಕ್ಕರು, ಈಗ ಕಟ್ತಾರೆ.

ಎರಡನೇದು ಒಆರ್‌ಎಸ್ ಪುಡಿ. ಬಿಸಿಲಲ್ಲಿ ಪ್ರಯಾಣ, ಗಂಟೆಗಟ್ಟಲೆ ನೆಗೆತ, ಮಗು ಸುಸ್ತಾಗುತ್ತೆ, ಕೆಲವೊಮ್ಮೆ ಭೇದಿ ಶುರುವಾಗುತ್ತೆ. ಇಲ್ಲಿ ಒಂದು ಎಚ್ಚರ. ಡಬ್ಬದಲ್ಲಿ ಬರೋ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಒಆರ್‌ಎಸ್ ಅಲ್ಲ. ಅಂಥ ಪಾನೀಯಗಳು ಆ ಹೆಸರು ಹಾಕ್ಕೋಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಸಕ್ಕರೆ ಜಾಸ್ತಿ ಆದ್ರೆ ಭೇದಿ ಇನ್ನೂ ಹೆಚ್ಚುತ್ತೆ. ಮೆಡಿಕಲ್ ಶಾಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರೋ ಪುಡಿ ಕೇಳಿ, ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಪೂರ್ತಿ ಕಲಸಿ. ಪುಡಿ ಸಿಗದಿದ್ರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತುಂಬಿ ಮಟ್ಟ ಮಾಡಿ, ಗೋಪುರ ಮಾಡಬೇಡಿ.

ಮೂರನೇದು, ಮಗುವಿನ ಕೈಗೆ ಫೋನ್ ನಂಬರ್. ಕೊಳ್ಳೋ ಬ್ಯಾಂಡು ಸಿಗುತ್ತೆ. ಇಲ್ಲಾಂದ್ರೆ ಒಂದು ಬಾಲ್‌ಪೆನ್ ಸಾಕು, ತೋಳಿನ ಒಳಭಾಗಕ್ಕೆ ಬರೀರಿ. ಹೆಸರು ಹೊರಗೆ ಕಾಣಂಗೆ ಬೇಡ, ನಂಬರ್ ಸಾಕು. ಪುಟ್ಟಿಗೆ ಈಗ ನನ್ನ ನಂಬರ್ ಬಾಯಿಪಾಠ. ಮಗು ಕಳೆದುಹೋದ್ರೆ 112, ಮಕ್ಕಳ ಸಹಾಯವಾಣಿ 1098, ಈ ಎರಡನ್ನ ನಿಮ್ಮ ಫೋನಲ್ಲಿ ಇವತ್ತೇ ಸೇವ್ ಮಾಡ್ಕೊಳ್ಳಿ.

ನಾಲ್ಕನೇದು ಕೊಳ್ಳೋ ವಸ್ತು ಅಲ್ಲ, ಬಿಡೋ ವಸ್ತು. ಹೊರಗೆ ಬರುವಾಗ ಬಾಗಿಲಲ್ಲಿ ಮಿಣಮಿಣ ಅನ್ನೋ ಆಟಿಕೆ ಇಟ್ಟಿರ್ತಾರೆ. ಅದರೊಳಗೆ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತೆ. ಮಗು ಅದನ್ನ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟಗಾಯ ಮಾಡಬಹುದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲ, ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲ ಅಂದ್ರೆ ಬೇಡ ಅನ್ನಿ.

ಕಡಿಮೆ ದುಡ್ಡಿಗೆ ಎಲ್ಲಿಗೆ?

ಆಮೇಲೆ ದೀಪಾವಳಿ ರಜಕ್ಕೆ ಮಕ್ಕಳು ಮತ್ತೆ ಬಂದ್ರು. ಹಾಸನಾಂಬೆ ದರ್ಶನದ ಗದ್ದಲ, ಹಾಸನದಲ್ಲಿ ಕಾಲಿಡೋಕೆ ಜಾಗ ಇಲ್ಲ. ಈ ಸಲ ನಾನು ಅವರನ್ನ ಕರ್ಕೊಂಡು ಹೋಗಿದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯಕ್ಕೆ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ, 1965ರಲ್ಲಿ ಜನರಿಗೆ ತೆರೀತು. ಅಲ್ಲಿ ಹಳೇ ಎಂಜಿನ್‌ಗಳಿವೆ, ರೈಟ್ ಸಹೋದರರ ವಿಮಾನದ ಪ್ರತಿಕೃತಿ ಇದೆ, ಮಕ್ಕಳೇ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡೋ ಮೋಜಿನ ವಿಜ್ಞಾನದ ವಿಭಾಗ ಇದೆ. ಒಂದು ಗಂಟೆ ಆಯ್ತು ಹೊರಡಿ ಅನ್ನೋರಿಲ್ಲ. ಪಕ್ಕದಲ್ಲೇ ಕಬ್ಬನ್ ಪಾರ್ಕು. ಅಲ್ಲಿ ಕೂತು ಚಿತ್ರಾನ್ನ ತಿಂದ್ವಿ. ನಮ್ಮ ನಾಲ್ವರ ಟಿಕೆಟ್ ಖರ್ಚು ಆ ಆಟದ ಮನೆಯ ಒಂದು ಮಗುವಿನ ಟಿಕೆಟ್‌ಗಿಂತ ಕಮ್ಮಿ.

ಊರಲ್ಲೇ ಇದ್ದ ಮಳೆ ದಿನಗಳಿಗೆ ಅವ್ವನದೇ ವ್ಯವಸ್ಥೆ. ಪಡಸಾಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ಅರ್ಧಕ್ಕೆ ತೇಯ್ದು ಆಡಿಸ್ತಾಳೆ. ಪುಟ್ಟಿ ಅಜ್ಜಿಗೇ ಮೋಸ ಮಾಡೋಕೆ ಕಲ್ತಿದ್ದಾಳೆ. ಗುಂಡನಿಗೆ ಮಾತ್ರ ಬೀಜ ಕೊಡಲ್ಲ, ಬಾಯಿಗೆ ಹಾಕ್ಕೊಳ್ತಾನೆ.

ಹಾಗಂತ ಆಟದ ಮನೆಗೆ ಹೋಗಲೇಬೇಡಿ ಅಂತ ನಾನು ಹೇಳಲ್ಲ. ಚೆಂಡಿನ ಗುಂಡಿಗೆ ಬಿದ್ದಾಗ ಆ ಹುಡುಗನ ಮುಖ ನೋಡಿದೋನು ನಾನು. ಹಳ್ಳಿ ಮಕ್ಕಳಿಗೂ ಅದು ಬೇಕು, ವರ್ಷಕ್ಕೊಂದು ಸಲ ಆದ್ರೂ.

ಆ ಜಾಗಕ್ಕೆ ಮಾರನೇ ದಿನ ಫೋನ್ ಮಾಡಿ ಬಾಗಿಲ ವಿಷಯ ಹೇಳಿದೆ. "ನೋಡ್ತೀವಿ ಸರ್" ಅಂದ್ರು. ವಾರ ಬಿಟ್ಟು ಮತ್ತೆ ಮಾಡಿದೆ. ಕುರ್ಚಿ ತೆಗೆಸಿದ್ದೀವಿ ಅಂದ್ರು. ನಿಜವಾ ಅಂತ ನೋಡೋಕೆ ಒಂದು ಭಾನುವಾರ ನಾನೇ ಹೋದೆ. ಕುರ್ಚಿ ಇರಲಿಲ್ಲ. ರಟ್ಟಿನ ಡಬ್ಬ ಎರಡು ಇತ್ತು. ಅಲ್ಲೇ ನಿಂತು ಅದನ್ನೂ ತೆಗೆಸಿದೆ. ಈ ಸಲ ಸುತ್ತ ಯಾರು ನೋಡ್ತಿದ್ದಾರೆ ಅಂತ ನಾನು ನೋಡಲಿಲ್ಲ.

ಅವ್ವನಿಗೆ ಫೋನಲ್ಲಿ ಹೇಳಿದೆ. "ಬಾಗ್ಲು ತೆಗೆದು ನೋಡ್ದಾ?" ಅಂದ್ಲು.

ನೋಡಿರಲಿಲ್ಲ. ವಾಪಸ್ ಹೋಗಿ ತಳ್ಳಿ ನೋಡಿದೆ. ತೆಗೀತು.

ನಿಮ್ಮೂರಿನ ಆಟದ ಮನೆಗೆ ಎಷ್ಟು ಬಾಗಿಲಿದೆ? ಮುಂದಿನ ಸಲ ಹೋದಾಗ ನೋಡಿ, ನಮಗೊಂದು ವಾಯ್ಸ್ ನೋಟ್ ಕಳಿಸಿ. ಈ ಸಂಚಿಕೆಯನ್ನ ನಿಮ್ಮ ಮನೆ ವಾಟ್ಸಾಪ್ ಗ್ರೂಪಿಗೂ ಹಾಕಿ, ಅಕ್ಕನೋ ಅತ್ತಿಗೆನೋ ಕೇಳಲಿ.