ಸಮಾರಂಭ ನಡೆಸುವುದು: ಕೆಲವು ತಪ್ಪು ತಿಳಿವಳಿಕೆಗಳು

(ಬೆಳ್ಳಿಹಬ್ಬದ ಪೂರ್ವಭಾವಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬುತ್ತಿರುವುದು ಊರಿಗೇ ಹೆಮ್ಮೆಯ ಸಂಗತಿ. ಬೆಳ್ಳಿಹಬ್ಬವನ್ನು ಅದ್ಧೂರಿಯಾಗಿ ಮಾಡಬೇಕೆಂದು ಈಗಾಗಲೇ ಹಲವರು ಮಾತನಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ದೊಡ್ಡ ಭಾಷಣಕಾರನಲ್ಲ. ಆದರೂ ಸಭೆ ಸಮಾರಂಭಗಳ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಈಗಲೇ ನಿಮ್ಮ ಮುಂದೆ ಇಡುವುದು ಒಳ್ಳೆಯದೆಂದು ಎರಡು ಮಾತು ಹೇಳುತ್ತೇನೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲನೆಯ ತಪ್ಪು ತಿಳಿವಳಿಕೆ ಎಂದರೆ, ‘ಆ ದಿನ ನೋಡ್ಕೊಂಡ್ರಾಯ್ತು ಬಿಡಿ’ ಎನ್ನುವುದು. ಭತ್ತದ ಒಟ್ಟಲು ಹಾಕದೆ ನಾಟಿ ದಿನ ಗದ್ದೆಗಿಳಿದರೆ ಏನು ನೆಡುತ್ತೀರಿ? ಸಮಾರಂಭವೂ ಹಾಗೆಯೇ. ಅದರಲ್ಲೂ ನಮ್ಮದು ಹಾಲಿನ ಸಂಘ. ಹಸುವಿಗೆ ಬೆಳ್ಳಿಹಬ್ಬ ಗೊತ್ತಿಲ್ಲ. ಆ ದಿನವೂ ಹಾಲು ಕರೆಯಲೇಬೇಕು, ಹೊತ್ತಿಗೆ ಸರಿಯಾಗಿ ಅಳೆಯಲೇಬೇಕು.

ಆದ್ದರಿಂದ ವೇಳೆಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಸಂಜೆ 5ಕ್ಕೆ ಹಾಲು ಅಳೆಯಬೇಕೆಂದರೆ ಹೆಂಗಸರು 4 ಗಂಟೆಗೆ ಕೊಟ್ಟಿಗೆಯಲ್ಲಿರಬೇಕು. ಹಾಗಾದರೆ 3 ಗಂಟೆಗೆ ಕೊನೆಯ ಪಂಕ್ತಿ ಏಳಬೇಕು. 600 ಜನ ಊಟ ಮಾಡುತ್ತಾರೆ, ಒಂದು ಪಂಕ್ತಿಗೆ 200 ಜನ ಎಂದು ಇಟ್ಟುಕೊಳ್ಳೋಣ. ಎಲೆ ಎತ್ತಿ ಸಾರಿಸುವುದೂ ಸೇರಿ ಪಂಕ್ತಿಗೆ 40 ನಿಮಿಷವಾದರೆ ಮೂರು ಪಂಕ್ತಿಗೆ ಎರಡು ಗಂಟೆ ಕಾಲ. ಅಂದರೆ 1 ಗಂಟೆಗೆ ಮೊದಲ ಎಲೆ ಹಾಕಬೇಕು, 12.45ಕ್ಕೆ ವಂದನಾರ್ಪಣೆ ಮುಗಿದಿರಬೇಕು, 10.30ಕ್ಕೆ ಪ್ರಾರ್ಥನೆ ಆರಂಭವಾಗಬೇಕು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ? ಗಂಡಸರು ಕೂತು ಉಣ್ಣುತ್ತಾರೆ, ನಮ್ಮ ಅಕ್ಕತಂಗಿಯರು ಹಸಿದ ಹೊಟ್ಟೆಯಲ್ಲಿ ಹಸು ಕರೆಯಲು ಓಡುತ್ತಾರೆ. 25 ವರ್ಷ ಸಂಘ ನಡೆದಿರುವುದು ಯಾರ ಕೈಯ ಮೇಲೋ ಅವರೇ ಊಟಕ್ಕಿಲ್ಲ ಎಂದ ಮೇಲೆ ಅದು ಯಾರ ಹಬ್ಬ?

ಎರಡನೆಯದು, ‘ಎಲ್ಲರೂ ಸೇರಿ ಮಾಡೋಣ’ ಎಂದರೆ ಸಾಕು ಎನ್ನುವುದು. ಮಾತು ಚೆನ್ನಾಗಿದೆ, ಆದರೆ ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ‘ನೀನು ಹೇಳಿರ್ತೀಯ ಅಂತ ನಾನು ಸುಮ್ನಿದ್ದೆ’ ಎಂಬ ಮಾತನ್ನು ಎಷ್ಟು ಕಡೆ ಕೇಳಿಲ್ಲ? ಚಪ್ಪರ, ಅಡಿಗೆ, ನೀರು, ಕರೆಂಟು ಮತ್ತು ಮೈಕು, ಅತಿಥಿಗಳು, ಹಣಕಾಸು, ಹೀಗೆ ಒಂದೊಂದಕ್ಕೂ ಒಬ್ಬರ ಹೆಸರನ್ನು ಹಾಳೆಯಲ್ಲಿ ಬರೆದು ಡೈರಿಯ ಗೋಡೆಗೆ ಅಂಟಿಸಬೇಕು. ಅವರಿಗೆ ಜ್ವರ ಬಂದರೆ ಯಾರು ಎಂದು ಇನ್ನೊಂದು ಹೆಸರನ್ನೂ ಬರೆಯಬೇಕು. ಅಂದು ಹಾಲು ಅಳೆಯುವ ಸಿಬ್ಬಂದಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು.

ಮೂರನೆಯದು, ವೇದಿಕೆಯ ಮೇಲೆ ಹೆಚ್ಚು ಕುರ್ಚಿ ಇದ್ದಷ್ಟೂ ಸಮಾರಂಭಕ್ಕೆ ಹೆಚ್ಚು ಗೌರವ ಎನ್ನುವುದು. ಇಪ್ಪತ್ತು ಜನ ಗಣ್ಯರು ತಲಾ ಹತ್ತು ನಿಮಿಷ ಮಾತನಾಡಿದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿಗೆ ಹಿಡಿಯುವ ಹೊತ್ತು ಬೇರೆ. ಸ್ವಾಗತಗೀತೆ ಹಾಡಬೇಕಾದ ಮಕ್ಕಳು ಬಿಸಿಲಲ್ಲಿ ಬಾಡಿ ಕೂತಿರುತ್ತಾರೆ. ಅತಿಥಿಗಳು ಬರಲಿ, ಅವರ ಸಹಕಾರ ನಮಗೆ ಬೇಕು. ಆದರೆ ಕರೆಯುವಾಗಲೇ ಮಾತಿಗೆ ಎಷ್ಟು ನಿಮಿಷ ಎಂದು ವಿನಯದಿಂದ ತಿಳಿಸೋಣ. ಯಾರು ತಡವಾದರೂ ಹೇಳಿದ ವೇಳೆಗೆ ಶುರು ಮಾಡೋಣ. ಸಹಕಾರ ತತ್ವದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಎರಡು ಎಕರೆಯವನಿಗೂ ಅಷ್ಟೇ, ಇಪ್ಪತ್ತು ಎಕರೆಯವನಿಗೂ ಅಷ್ಟೇ. ಸಮಾರಂಭದಲ್ಲೂ ಮುಂದಿನ ಸಾಲು ಸದಸ್ಯರಿಗೆ ಇರಲಿ.

ನಾಲ್ಕನೆಯದು ಬಹಳ ಅಪಾಯದ ತಿಳಿವಳಿಕೆ. ಜನ ಎಷ್ಟು ಸೇರಿದರೆ ಅಷ್ಟು ಯಶಸ್ಸು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎನ್ನುವುದು. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ಸಮಾರಂಭ ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಬಿತ್ತು. ಹೊರಗೆ ಹೋಗಲು ದಾರಿ ಸಾಲದೆ ನಾನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು, ಅವರಲ್ಲಿ ಬಹಳ ಮಂದಿ ಮಕ್ಕಳು. ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು, ಹಿಂದಿನ ರಾತ್ರಿ ಗೆದ್ದ ಕ್ರಿಕೆಟ್ ತಂಡವನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಜನ ನುಗ್ಗಿ, ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಅವರೆಲ್ಲ ಸಂತೋಷಪಡಲು ಬಂದವರು.

‘ನಮ್ಮೂರ ಫಂಕ್ಷನ್ನು, ನಮ್ಮೋರೇ ಜನ, ಏನಾಗತ್ತೆ?’ ಎಂದು ಕೇಳಬೇಡಿ. ಬೆಂಕಿಗೆ ನಮ್ಮೂರು, ಪರವೂರು ಎಂಬ ಭೇದವಿಲ್ಲ. ಚಪ್ಪರಕ್ಕೆ ಕನಿಷ್ಠ ಎರಡು ಕಡೆ ಅಗಲವಾದ ದಾರಿ ಇರಲಿ, ಆ ದಾರಿಯಲ್ಲಿ ಕುರ್ಚಿ, ಬೈಕು ನಿಲ್ಲಿಸುವುದು ಬೇಡ. ಒಲೆ, ಗ್ಯಾಸ್ ಸಿಲಿಂಡರ್, ಜನರೇಟರು ಚಪ್ಪರದಿಂದ ದೂರ ಇರಲಿ. ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಎಳೆಯುವುದು ಬೇಡ, ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕ ಪಡೆಯೋಣ. ನಾಲ್ಕು ಡ್ರಮ್ಮು ನೀರು, ಎರಡು ರಾಶಿ ಮರಳು ಹತ್ತಿರವಿರಲಿ. ರಾತ್ರಿ ರಸಮಂಜರಿ ಬೇಕೆಂದು ಯುವಕರು ಕೇಳಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಬೆಳಗಿನ ಜಾವ ಏಳುವ ನಮಗೂ ಅದೇ ಒಳ್ಳೆಯದು.

ಐದನೆಯದು ಅಡಿಗೆಯ ವಿಚಾರ. ಮಿಕ್ಕಿ ಚೆಲ್ಲುವಷ್ಟು ಮಾಡಿದರೇ ದೊಡ್ಡತನ ಎಂದು ತಿಳಿದಿದ್ದೇವೆ. ಸಿಹಿ, ಪಲ್ಯ, ಕೋಸಂಬರಿ ಇರುವ ಊಟಕ್ಕೆ 100 ಜನಕ್ಕೆ ಸುಮಾರು 10ರಿಂದ 12 ಕೆ.ಜಿ. ಅಕ್ಕಿ ಹಿಡಿಯುತ್ತದೆ. ಅಡಿಗೆ ಭಟ್ಟರನ್ನು ಕೇಳಿ, ಮನೆ ಮನೆಯ ತಲೆ ಎಣಿಸಿ ಅಕ್ಕಿ ಹಾಕೋಣ. ಎಲ್ಲವನ್ನೂ ಒಟ್ಟಿಗೆ ಬೇಯಿಸದೆ ಪಂಕ್ತಿ ಪಂಕ್ತಿಗೆ ಬಿಸಿಯಾಗಿ ಇಳಿಸಿದರೆ ಮಿಗುವುದೂ ಕಡಿಮೆ, ಹಳಸುವುದೂ ಕಡಿಮೆ. ಕರೆದ ಹಾಲನ್ನು ಬಿಸಿಲಲ್ಲಿಟ್ಟರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅನ್ನ ಸಾಂಬಾರಿಗೂ ಅದೇ ನ್ಯಾಯ.

ಇನ್ನೊಂದು ಮಾತು. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾಗಿವೆ. ಕಾನೂನು ಹಾಗಿರಲಿ, ಎಂಜಲಿನ ರುಚಿಗೆ ಪ್ಲಾಸ್ಟಿಕ್ ತಿಂದ ಹಸುವಿನ ಹೊಟ್ಟೆ ಉಬ್ಬರಿಸಿ ಸತ್ತರೆ ನಷ್ಟ ಯಾರಿಗೆ? ಹಾಲಿನ ಸಂಘದ ಹಬ್ಬದಲ್ಲಿ ಬಾಳೆ ಎಲೆ, ಸ್ಟೀಲು ಲೋಟವೇ ಶೋಭೆ.

ಕೊನೆಯದು ದುಡ್ಡಿನ ಮಾತು. ಖರ್ಚು ಹೆಚ್ಚಾದಷ್ಟೂ ಸಂಘದ ಮರ್ಯಾದೆ ಹೆಚ್ಚು ಎನ್ನುವವರಿದ್ದಾರೆ. 1905ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಇಂದಿನವರೆಗೆ ಸಹಕಾರ ನಿಂತಿರುವುದು ನಂಬಿಕೆಯ ಮೇಲೆ, ನಂಬಿಕೆ ನಿಂತಿರುವುದು ಲೆಕ್ಕದ ಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಮೊದಲೇ ಅಂದಾಜು ಪಟ್ಟಿ ಮಾಡಿ ಆಡಳಿತ ಮಂಡಳಿಯ ಒಪ್ಪಿಗೆ ಪಡೆಯೋಣ. ಹತ್ತರಲ್ಲಿ ಒಂದು ಪಾಲನ್ನು ಅನಿರೀಕ್ಷಿತ ಖರ್ಚಿಗೆ ತೆಗೆದಿಡೋಣ. ಹತ್ತು ರೂಪಾಯಿ ಕಾಣಿಕೆಗೂ ರಸೀದಿ, ಬೆಂಕಿಪೊಟ್ಟಣಕ್ಕೂ ಚೀಟಿ ಇರಲಿ. ಹಬ್ಬದ ಲೆಕ್ಕವನ್ನು ಪ್ರತ್ಯೇಕವಾಗಿ ಬರೆದು ಮುಂದಿನ ಮಹಾಸಭೆಯಲ್ಲಿ ಎಲ್ಲರ ಮುಂದೆ ಓದಬೇಕು. ಚಪ್ಪರ ಬಿಚ್ಚಿದ ದಿನ ಸಮಾರಂಭ ಮುಗಿಯುವುದಿಲ್ಲ, ಲೆಕ್ಕ ಒಪ್ಪಿಸಿದ ದಿನ ಮುಗಿಯುತ್ತದೆ.

ಬಂಧುಗಳೇ, ಪೇಪರಿನಲ್ಲಿ ಫೋಟೋ ಬಂದರೆ ಸಂತೋಷವೇ. ಆದರೆ ಊರಾಚೆಯ ಕೊನೆ ಮನೆಯ ಅಜ್ಜಿ ನೆರಳಲ್ಲಿ ಕೂತು, ನಾಲ್ಕು ಮಾತು ಕೇಳಿ, ಹೊಟ್ಟೆ ತುಂಬ ಉಂಡು, ಹೊತ್ತಿಗೆ ಸರಿಯಾಗಿ ಮನೆ ಸೇರಿ ಹಸು ಕರೆದಳು ಎಂದರೆ ನಮ್ಮ ಬೆಳ್ಳಿಹಬ್ಬ ಗೆದ್ದಿತು. ಇವತ್ತೇ ಕೆಲಸದ ಪಟ್ಟಿ ಬರೆಯಲು ಕೂರೋಣ. ಹೆಸರು ಕೊಡುವವರು ಮುಂದೆ ಬರಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಸಹಕಾರ.