ಬ್ರಹ್ಮಾಂಡಕ್ಕೂ ಒಂದು ಗಡಿ ಇದೆಯಾ?



ಬೆಳಗಾವಿಯಲ್ಲಿ ನಿಂತು 'ಗಡಿ' ಅಂತ ಒಂದು ಮಾತು ಆಡಿ ನೋಡಿ. ಚನ್ನಮ್ಮ ವೃತ್ತದಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ ಕೆಳಗಿಟ್ಟು ಮಾತಿಗೆ ನಿಲ್ಲುತ್ತಾರೆ. ಮಹಾಜನ ವರದಿ ಬಂದದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು 2004ರಲ್ಲಿ. ಮಾತು ಇನ್ನೂ ಮುಗಿದಿಲ್ಲ. ಹಾಗಾಗಿ ಬೆಳಗಾವಿಯಿಂದ ನಾವು ನಡೆಸಿದ ವಿಜ್ಞಾನ ಸಂವಾದಕ್ಕೆ ಖಾನಾಪುರದ ಹಿರಿಯರೊಬ್ಬರು ಫೋನ್ ಮಾಡಿ "ಗಡಿ ಬಗ್ಗೆ ಕೇಳಬೇಕ್ರಿ" ಅಂದಾಗ, ಸ್ಟುಡಿಯೋದಲ್ಲಿದ್ದವರೆಲ್ಲ ಒಮ್ಮೆ ಮುಖ ಮುಖ ನೋಡಿಕೊಂಡರು. ಅಜ್ಜಾರು ಕೇಳಿದ್ದು ಬೇರೆಯೇ ಗಡಿ.

"ಈ ಬ್ರಹ್ಮಾಂಡಕ್ಕ ಗಡಿ ಎಲ್ಲೈತ್ರಿ? ಗಡಿ ಇದ್ರ, ಅದರಾಚೆ ಏನೈತ್ರಿ?"

ಎಂಥ ಪ್ರಶ್ನೆ ನೋಡಿ! ನಮ್ಮ ಜೊತೆ ಕೂತಿದ್ದ ವಿಜ್ಞಾನಿ ಮೊದಲು ಗೊತ್ತಿದ್ದನ್ನು ಹೇಳಿದರು. ಬ್ರಹ್ಮಾಂಡದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟು ವರ್ಷದಲ್ಲಿ ನಮ್ಮನ್ನು ತಲುಪಿದ ಬೆಳಕನ್ನು ಮಾತ್ರ ನಾವು ನೋಡಬಹುದು. ಬೆಳಕು ಹೊರಟ ಮೇಲೂ ಮಧ್ಯದ ಜಾಗ ಹಿಗ್ಗುತ್ತಲೇ ಹೋಗಿದೆ. ಹಾಗಾಗಿ ನಮಗೆ ಕಾಣುವ ಬ್ರಹ್ಮಾಂಡದ ಅಂಚು ಇವತ್ತು ಎಲ್ಲ ದಿಕ್ಕಿಗೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದು ನಮ್ಮ ನೋಟದ ಗಡಿ. ಖಾನಾಪುರದ ಗುಡ್ಡದ ಮೇಲೆ ನಿಂತವನಿಗೆ ದಿಗಂತ ಕಂಡ ಹಾಗೆ. ದಿಗಂತದ ಆಚೆಗೂ ಊರು ಇದ್ದೇ ಇರುತ್ತದೆ, ಅಲ್ವಾ?

"ಹಂಗಾದ್ರ ಆಚೆ ಏನೈತ್ರಿ?" ಅಜ್ಜಾರು ಬಿಡಲಿಲ್ಲ.

ವಿಜ್ಞಾನಿ ಹೇಳಿದರು: "ಗೊತ್ತಿಲ್ಲರಿ."

ಟೀವಿಯಲ್ಲಿ ಈ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ, ಹೇಳಿ? ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ, ಪೆಟ್ರೋಲ್ ದರ ಯಾವಾಗ ಇಳಿಯುತ್ತದೆ, ಗ್ರಹಣದಿಂದ ಯಾವ ರಾಶಿಗೆ ಕಂಟಕ, ಎಲ್ಲದಕ್ಕೂ ಉತ್ತರ ಕೊಡುವವರು ಸಾಲುಗಟ್ಟಿ ಕೂತಿರುತ್ತಾರೆ. ಖಗೋಳ ವಿಜ್ಞಾನಿಗಳನ್ನು ಮಾತಾಡಿಸುತ್ತಾ ಬಂದ ಮೇಲೆ ನಾನು ಗಮನಿಸಿದ್ದು ಇಷ್ಟು. ಅವರಲ್ಲಿ ದೊಡ್ಡವರಾದಷ್ಟೂ ಈ 'ಗೊತ್ತಿಲ್ಲ' ಸಲೀಸಾಗಿ ಬರುತ್ತದೆ.

ಆದರೆ ಅವರ 'ಗೊತ್ತಿಲ್ಲ'ಕ್ಕೂ ಒಂದು ಲೆಕ್ಕ ಇರುತ್ತದೆ. ನೀವು, ನಾನು, ಕಿಲ್ಲಾ ಕೆರೆಯ ನೀರು, ಸೂರ್ಯ, ಕೋಟಿ ಕೋಟಿ ನಕ್ಷತ್ರ, ಎಲ್ಲ ಸೇರಿಸಿದರೂ ಬ್ರಹ್ಮಾಂಡದ ಒಟ್ಟು ಲೆಕ್ಕದಲ್ಲಿ ಸುಮಾರು 5 ಪರ್ಸೆಂಟ್. ಇನ್ನೊಂದು 27 ಪರ್ಸೆಂಟ್ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್. ಮಿಕ್ಕ 68 ಪರ್ಸೆಂಟ್ ಡಾರ್ಕ್ ಎನರ್ಜಿ. ಇವೆರಡೂ ಏನು ಅಂತ ಯಾರಿಗೂ ಗೊತ್ತಿಲ್ಲ. ಆದರೆ ಎಷ್ಟಿದೆ ಅಂತ ಗೊತ್ತು! ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಎಷ್ಟು ಜೋರಾಗಿ ಸುತ್ತುತ್ತವೆ ಎಂದರೆ, ಕಾಣುವ ವಸ್ತುವಿನ ಸೆಳೆತ ಮಾತ್ರ ಇದ್ದಿದ್ದರೆ ಅವು ಯಾವತ್ತೋ ಚದುರಿ ಹೋಗಬೇಕಿತ್ತು. ಏನೋ ಹಿಡಿದುಕೊಂಡಿದೆ. ಹಿಡಿದ ಕೈ ಕಾಣುತ್ತಿಲ್ಲ, ಹಿಡಿತದ ಬಲ ಮಾತ್ರ ಅಳತೆಗೆ ಸಿಕ್ಕಿದೆ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು. "ಅವರಿಗೂ ಗೊತ್ತಿಲ್ಲ ಅಂದ ಮೇಲೆ, ನಮ್ಮ ಜ್ಯೋತಿಷಿ ಹೇಳೋದನ್ನು ನಂಬಿದರೆ ತಪ್ಪೇನು?" ಸರಿಯಾದ ಪ್ರಶ್ನೆ. ಇದಕ್ಕೆ ನಮ್ಮ ಪಕ್ಕದ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿದ ಜಯಂತ ನಾರ್ಳೀಕರ್ ಅವರ ಒಂದು ಪ್ರಯೋಗವನ್ನೇ ಹೇಳುತ್ತೇನೆ. ಅವರು ಜಗತ್ತಿನ ಹೆಸರಾಂತ ವಿಶ್ವವಿಜ್ಞಾನಿ. ಪುಣೆಯಲ್ಲಿ ಅವರು ಮತ್ತು ಜೊತೆಗಾರರು 200 ಮಕ್ಕಳ ಜಾತಕ ತಯಾರು ಮಾಡಿದರು. 100 ಪ್ರತಿಭಾವಂತ ಮಕ್ಕಳದ್ದು, 100 ಬುದ್ಧಿಮಾಂದ್ಯ ಮಕ್ಕಳದ್ದು. ಯಾವುದು ಯಾರದ್ದು ಹೇಳಿ ಅಂತ ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟರು. ಉತ್ತರ ಕಳಿಸಿದವರು 27 ಮಂದಿ. ಸರಾಸರಿ ಸರಿ ಉತ್ತರ 46 ಪರ್ಸೆಂಟ್. ನಾಣ್ಯ ಚಿಮ್ಮಿದರೂ 50 ಬರುತ್ತದೆ, ವೀಕ್ಷಕರೇ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತದೆ ಅಂತ. ಆ ತಾಯಂದಿರನ್ನು ನಾನು ಬೈಯುವುದಿಲ್ಲ. ಮಗುವಿಗಾಗಿ ತಾಯಿ ಏನು ಬೇಕಾದರೂ ಮಾಡುತ್ತಾಳೆ. ಆದರೆ 'ನನಗೆ ಗೊತ್ತು' ಅಂತ ಆಕೆಗೆ ಹೇಳಿದವನು ಇದ್ದಾನಲ್ಲ, ಅವನು ಒಂದು ಸಲವಾದರೂ ಪರೀಕ್ಷೆ ಮಾಡಿ ನೋಡಿದ್ದನಾ?

ಪರೀಕ್ಷೆ ಅಂದರೆ ಏನು ಅಂತ ತಿಳಿಯಬೇಕಾದರೆ ಬನ್ನಿ, ಶರಾವತಿ ಹಿನ್ನೀರಿಗೆ ಹೋಗೋಣ. ನಮ್ಮ ರಾಜ್ಯದಲ್ಲೇ ನಡೆದ ಈ ಕತೆಯನ್ನು ನಮ್ಮ ರಾಜ್ಯದಲ್ಲೇ ಬಹಳ ಜನ ಕೇಳಿಲ್ಲ.

ಬಿಗ್ ಬ್ಯಾಂಗ್ ಆದ ಮೇಲೆ ಬಹಳ ಕಾಲ ಬ್ರಹ್ಮಾಂಡದಲ್ಲಿ ಒಂದೂ ನಕ್ಷತ್ರ ಇರಲಿಲ್ಲ. ಬರೀ ಕತ್ತಲೆ, ಬಹುಪಾಲು ಹೈಡ್ರೋಜನ್ ಅನಿಲ. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಆ ಅನಿಲದ ಮೇಲೆ ಒಂದು ಗುರುತು ಬಿದ್ದಿರಬೇಕು. ಹೈಡ್ರೋಜನ್ನಿನ ರೇಡಿಯೋ ಅಲೆಯ ಉದ್ದ 21 ಸೆಂಟಿಮೀಟರ್. ಬ್ರಹ್ಮಾಂಡ ಹಿಗ್ಗಿದ ಹಾಗೆ ಆ ಅಲೆಯೂ ಹಿಗ್ಗಿ, ನಮ್ಮನ್ನು ಮುಟ್ಟುವ ಹೊತ್ತಿಗೆ ಹಲವು ಮೀಟರ್ ಉದ್ದ ಆಗಿರುತ್ತದೆ. 2018ರಲ್ಲಿ ಅಮೆರಿಕದ ವಿಜ್ಞಾನಿಗಳ 'ಎಡ್ಜಸ್' ತಂಡ ದೊಡ್ಡ ಸುದ್ದಿ ಕೊಟ್ಟಿತು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಆಂಟೆನಾಕ್ಕೆ 78 ಮೆಗಾಹರ್ಟ್ಜ್ ಹತ್ತಿರ ಆ ಗುರುತು ಸಿಕ್ಕಿದೆ ಅಂತ. ಬಿಗ್ ಬ್ಯಾಂಗ್ ಆಗಿ 18 ಕೋಟಿ ವರ್ಷದೊಳಗೇ ನಕ್ಷತ್ರ ಹುಟ್ಟಿದ್ದವು ಅಂತ. 'ನೇಚರ್' ಪತ್ರಿಕೆಯಲ್ಲಿ ಬಂತು, ಜಗತ್ತೆಲ್ಲಾ ಬ್ರೇಕಿಂಗ್ ನ್ಯೂಸ್. ಸಿಕ್ಕ ಗುರುತು ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಆಳವಾಗಿತ್ತು. ಅದನ್ನು ವಿವರಿಸಲು ಹೊಸ ಹೊಸ ಸಿದ್ಧಾಂತಗಳೇ ಹುಟ್ಟಿಕೊಂಡವು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಏನು ಮಾಡಿದರು? ಚಪ್ಪಾಳೆ ತಟ್ಟಲಿಲ್ಲ, ಸುಳ್ಳು ಅಂತ ಕೂಗಲೂ ಇಲ್ಲ. "ನಾವೂ ಒಮ್ಮೆ ಅಳೆದು ನೋಡೋಣ" ಅಂದರು.

ಅಳೆಯೋದು ಸುಲಭ ಇರಲಿಲ್ಲ. ನಮ್ಮ ಆಕಾಶಗಂಗೆಯದ್ದೇ ರೇಡಿಯೋ ಗದ್ದಲ ಆ ಗುರುತಿಗಿಂತ ಸಾವಿರಾರು ಪಟ್ಟು ಜೋರು. ಜಾತ್ರೆಯ ಡೊಳ್ಳಿನ ನಡುವೆ ಮೂಲೆಯಲ್ಲಿ ಕೂತ ಅಜ್ಜಿಯ ಪಿಸುಮಾತು ಕೇಳಿಸಿಕೊಂಡ ಹಾಗೆ. ಅದರ ಮೇಲೆ ನೆಲದ ಕಾಟ. ಆಂಟೆನಾ ಕೆಳಗಿನ ಮಣ್ಣು, ಕಲ್ಲು, ಪದರ ಪದರವೂ ಅಲೆಯನ್ನು ತಿರುಗಿಸಿ ಕಳಿಸಿ ಗೊಂದಲ ಎಬ್ಬಿಸುತ್ತವೆ. ಹಾಗಾದರೆ ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟರೆ? ಆಳವಾದ ನೀರು ಎಲ್ಲ ಕಡೆಯೂ ಒಂದೇ ಥರ ಇರುತ್ತದಲ್ಲ! ಹಾಗೆ ತೆಪ್ಪದ ಮೇಲೆ ಕೂತು ತೇಲಿದ್ದು 'ಸರಸ್-3' ಎಂಬ ರೇಡಿಯೋ ದೂರದರ್ಶಕ. 2020ರ ಆರಂಭದಲ್ಲಿ ಮೊದಲು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ.

ಕೇಳಿಸಿಕೊಂಡರು, ಲೆಕ್ಕ ಹಾಕಿದರು, ಲೆಕ್ಕವನ್ನು ಮತ್ತೆ ಮತ್ತೆ ತಿರುವಿ ನೋಡಿದರು. 2022ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಆಸ್ಟ್ರೇಲಿಯಾದಲ್ಲಿ ಕಂಡ ಆ ಗುರುತು ಇಲ್ಲಿ ಸಿಗಲಿಲ್ಲ. 95.3 ಪರ್ಸೆಂಟ್ ಭರವಸೆಯಿಂದ ಅದು ಆಕಾಶದಿಂದ ಬಂದದ್ದಲ್ಲ ಅಂತ ಹೇಳಿದರು. ಅಂದರೆ ಆ ಆಳವಾದ ಗುರುತು ಉಪಕರಣದ್ದೇ ಕರಾಮತ್ತು ಇರುವ ಸಾಧ್ಯತೆ ಹೆಚ್ಚು.

ಇಲ್ಲಿ ಒಂದು ನಿಮಿಷ ನಿಲ್ಲಿ. ನೂರಕ್ಕೆ ನೂರು ಅಂತ ಹೇಳಿದರಾ? ಇಲ್ಲ. ತಮ್ಮ ಅನುಮಾನಕ್ಕೂ ದಶಾಂಶದವರೆಗೆ ಲೆಕ್ಕ ಕೊಟ್ಟರು. ವರ್ಷಗಟ್ಟಲೆ ದುಡಿದು, ಕೆರೆಯ ನೀರಲ್ಲಿ ಆಂಟೆನಾ ತೇಲಿಸಿ, ಕೊನೆಗೆ ಜಗತ್ತಿಗೆ ಹೇಳಿದ್ದು "ನಮಗೆ ಸಿಗಲಿಲ್ಲ" ಅಂತ. ಇಂಥ ಸುದ್ದಿಗೆ ಕೆಂಪು ಪಟ್ಟಿ ಓಡುವುದಿಲ್ಲ. ಆದರೆ ಆ 'ಸಿಗಲಿಲ್ಲ'ದಿಂದ ಜಗತ್ತು ಒಂದು ತಪ್ಪು ದಾರಿಯಲ್ಲಿ ಬಹಳ ದೂರ ಹೋಗುವುದು ತಪ್ಪಿತು. ಮೊದಲ ನಕ್ಷತ್ರಗಳ ಪಿಸುಮಾತಿನ ಹುಡುಕಾಟ ಇನ್ನೂ ನಡೆದಿದೆ. ಚಂದ್ರನ ಆಚೆ ಮಗ್ಗುಲಲ್ಲಿ ಭೂಮಿಯ ರೇಡಿಯೋ ಗದ್ದಲ ಮುಟ್ಟುವುದಿಲ್ಲ ಅಂತ, ಅಲ್ಲಿಗೇ 'ಪ್ರತ್ಯುಷ್' ಎಂಬ ಉಪಕರಣ ಕಳಿಸುವ ಯೋಜನೆಯನ್ನೂ ಇದೇ ಸಂಸ್ಥೆಯವರು ರೂಪಿಸುತ್ತಿದ್ದಾರೆ.

ಶರಾವತಿಗೇ ಯಾಕೆ ಹೋದರು? ಊರಿನ ಪಕ್ಕದ ಕೆರೆ ಸಾಕಾಗಿರಲಿಲ್ಲವಾ? ಇದನ್ನು ಬೆಳಗಾವಿಯವರಿಗೆ ಹೀಗೆ ಹೇಳಬಹುದು. ನೀವು ಕೇಳುವ ಎಫ್‌ಎಂ ಇರುವುದು 88ರಿಂದ 108 ಮೆಗಾಹರ್ಟ್ಜ್ ನಡುವೆ. ಕೆಎಲ್‌ಇ ಸಂಸ್ಥೆಯ ವೇಣುಧ್ವನಿ 90.4ರಲ್ಲಿ ಬರುತ್ತದೆ. ಮೊದಲ ನಕ್ಷತ್ರದ ಗುರುತು ಹುಡುಕುವ ಜಾಗ ಅದರ ಕೆಳಗಿನ ಮನೆಯಲ್ಲೇ! ಮೇಲಿನ ಮನೆಯಲ್ಲಿ ಮದುವೆ ವಾಲಗ ನಡೆಯುತ್ತಿದ್ದರೆ ಕೆಳಗಿನವರಿಗೆ ಪಿಸುಮಾತು ಕೇಳುತ್ತದಾ? ಹಾಗಾಗಿ ಗುಡ್ಡಗಳ ಮರೆ ಬೇಕು, ಊರಿನಿಂದ ದೂರ ಬೇಕು.

ಬೆಳಕಿನದ್ದೂ ಅದೇ ಕತೆ. ತಿಳಕವಾಡಿಯ ಮಾಳಿಗೆ ಮೇಲೆ ನಿಂತು ನಕ್ಷತ್ರ ಎಣಿಸಿ ನೋಡಿ, ಬೇಗ ಮುಗಿಯುತ್ತದೆ. ಅಲ್ಲಿಂದ ಖಾನಾಪುರ ದಾಟಿ, ಜಾಂಬೋಟಿ, ಕಣಕುಂಬಿ ಕಡೆಯ ಹಳ್ಳಿಗೆ ಹೋಗಿ. ಮಳೆಗಾಲದಲ್ಲಿ ಬೇಡ, ಆಕಾಶವೇ ಕಾಣುವುದಿಲ್ಲ. ನವೆಂಬರ್, ಡಿಸೆಂಬರ್‌ನ ಅಮಾವಾಸ್ಯೆ ಹೊತ್ತಿಗೆ ಹೋಗಿ. ಸಂಜೆ ಕತ್ತಲಾದ ಮೇಲೆ ಉತ್ತರದ ಕಡೆ, ನೆತ್ತಿಗೆ ತುಸು ಕೆಳಗೆ, ಹತ್ತಿ ಎಳೆದಿಟ್ಟ ಹಾಗೆ ಒಂದು ಮಸುಕು ಚುಕ್ಕೆ ಕಾಣುತ್ತದೆ. ಅದು ಆಂಡ್ರೊಮಿಡಾ ಗೆಲಾಕ್ಸಿ. 25 ಲಕ್ಷ ಜ್ಯೋತಿರ್ವರ್ಷ ದೂರ. ಅಂದರೆ ಆ ಬೆಳಕು ಹೊರಟಾಗ ಕನ್ನಡವೂ ಇರಲಿಲ್ಲ, ಮರಾಠಿಯೂ ಇರಲಿಲ್ಲ, ನಮ್ಮಂಥ ಮನುಷ್ಯನೇ ಇರಲಿಲ್ಲ! ಅದನ್ನು ನೋಡಲು ಟಿಕೆಟ್ ಬೇಡ, ದುರ್ಬೀನು ಬೇಡ. ಕತ್ತಲೆ ಬೇಕು, ಅಷ್ಟೇ. ಆ ಕತ್ತಲೆ ಖಾನಾಪುರದ ಕಾಡಂಚಿನ ಊರುಗಳಲ್ಲಿ ಇನ್ನೂ ಇದೆ. ಅಭಿವೃದ್ಧಿ ಅಂದರೆ ರಾತ್ರಿಯಿಡೀ ಆಕಾಶಕ್ಕೆ ಲೈಟು ಬಿಡುವುದು ಅಂತ ನಾವು ತಿಳಿದುಕೊಂಡರೆ ಅದೂ ಹೋಗುತ್ತದೆ. ಬೀದಿ ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿದರೆ ದಾರಿಗೂ ಬೆಳಕು, ಆಕಾಶಕ್ಕೂ ಕತ್ತಲೆ.

ಅದೇ ಸಂವಾದದಲ್ಲಿ ಖಾನಾಪುರ ತಾಲ್ಲೂಕಿನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮಾತಾಡಿದಳು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. "ಸರ, ನಾ ಇದನ್ನ ಕಲೀಬೇಕ್ರಿ. ಆದ್ರ ನಮ್ಮಪ್ಪ, ಇದ್ರಾಗ ಹೊಟ್ಟಿ ತುಂಬೂದಿಲ್ಲ ಅಂತಾರ್ರಿ."

ಅಪ್ಪನ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಹೊಲ ಮಾಡುವವನಿಗೆ ಹೊಟ್ಟೆಯ ಲೆಕ್ಕ ಗೊತ್ತಿರುತ್ತದೆ. ವಿಜ್ಞಾನಿ ಅವಳಿಗೆ ಸುಳ್ಳು ಆಸೆ ಹುಟ್ಟಿಸಲಿಲ್ಲ. ದಾರಿ ಉದ್ದ ಇದೆ, ಕಾಯಬೇಕಾಗುತ್ತದೆ ಅಂದರು. ಆದರೆ ದಾರಿ ಇದೆ. ಬೆಳಗಾವಿಯಲ್ಲೇ ಬಿಎಸ್ಸಿ ಓದಬಹುದು, ಗಣಿತ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಎಮ್ಮೆಸ್ಸಿಗೆ ಜ್ಯಾಮ್, ಪಿಎಚ್‌ಡಿಗೆ ಜೆಸ್ಟ್ ಪ್ರವೇಶ ಪರೀಕ್ಷೆಗಳಿವೆ. ಪಿಎಚ್‌ಡಿ ಮಾಡುವಾಗ ತಿಂಗಳು ತಿಂಗಳು ಫೆಲೋಶಿಪ್ ಹಣ ಬರುತ್ತದೆ. ಒಂದು ದಿಕ್ಕಿಗೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಪುಣೆ. ಪುಣೆಯಲ್ಲಿ ನಾರ್ಳೀಕರ್ ಕಟ್ಟಿದ ಐಯುಕಾ ಇದೆ, ನಾರಾಯಣಗಾಂವ ಹತ್ತಿರ 30 ಬೃಹತ್ ಆಂಟೆನಾಗಳ ಜಿಎಂಆರ್‌ಟಿ ಇದೆ. ಗಡಿನಾಡಿನ ಮಗಳಿಗೆ ಎರಡೂ ಕಡೆ ಬಾಗಿಲು.

ಕಾಯುವುದು ಅಂದೆನಲ್ಲ, ಸಿ.ವಿ. ವಿಶ್ವೇಶ್ವರ ಅವರನ್ನು ನೆನೆಯಬೇಕು. ಬೆಂಗಳೂರಿನವರು, ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಬಾರಿಸಿದ ಗಂಟೆಯಂತೆ ಕಂಪಿಸಿ ನಿಧಾನಕ್ಕೆ ಸುಮ್ಮನಾಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕಪ್ಪುಕುಳಿ ಇದೆಯೋ ಇಲ್ಲವೋ ಅಂತಲೇ ಜನ ಅನುಮಾನ ಪಡುತ್ತಿದ್ದ ಕಾಲ ಅದು. ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿ, ಮಕ್ಕಳಿಗೆ ಆಕಾಶ ತೋರಿಸುತ್ತಾ ಇದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಎರಡು ಕಪ್ಪುಕುಳಿ ಡಿಕ್ಕಿ ಹೊಡೆದ ಅಲೆ ತಗುಲಿತು. ಕೊನೆಯಲ್ಲಿ ಅದೇ ಗಂಟೆಯ ಕಂಪನ! 45 ವರ್ಷದ ನಂತರ. ಸುದ್ದಿ ಪ್ರಕಟವಾದದ್ದು 2016ರ ಫೆಬ್ರವರಿ 11ಕ್ಕೆ. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ. ತಮ್ಮ ಲೆಕ್ಕ ಸರಿಯಾದದ್ದನ್ನು ನೋಡಿ ಹೋದರು.

ನಾರ್ಳೀಕರ್ ಅವರಿಗೆ ಆ ಭಾಗ್ಯ ಸಿಗಲಿಲ್ಲ. ಬಿಗ್ ಬ್ಯಾಂಗ್ ಸಿದ್ಧಾಂತವನ್ನು ಅವರು ಕೊನೆಯವರೆಗೂ ಪ್ರಶ್ನಿಸಿದರು. ಸಾಕ್ಷ್ಯ ಆ ಕಡೆಗೇ ವಾಲಿತು. 2025ರ ಮೇನಲ್ಲಿ ಅವರು ತೀರಿಕೊಂಡರು. ಆದರೆ ಅವರೇ ಕಟ್ಟಿದ ಸಂಸ್ಥೆಯಲ್ಲಿ ಬಿಗ್ ಬ್ಯಾಂಗ್ ಒಪ್ಪುವವರು ನಿರಾಳವಾಗಿ ಕೆಲಸ ಮಾಡಿದರು. ಭಿನ್ನಾಭಿಪ್ರಾಯ ಇದ್ದವನನ್ನು ಮನೆಯಿಂದ ಓಡಿಸಲಿಲ್ಲ. ನಮ್ಮ ಸ್ಟುಡಿಯೋ ಚರ್ಚೆಗಳಲ್ಲಿ, ನಮ್ಮ ಸದನಗಳಲ್ಲಿ ಇದು ಕಾಣುವುದು ಯಾವಾಗ?

ಹುಡುಗಿಯ ಅಪ್ಪನಿಗೆ ನಾನು ಇಷ್ಟು ಹೇಳುತ್ತೇನೆ. ಅಣ್ಣಾ, ನಿಮ್ಮ ಮಗಳು ವಿಜ್ಞಾನಿ ಆಗುತ್ತಾಳೋ ಇಲ್ಲವೋ, ಅದು ನನಗೂ ಗೊತ್ತಿಲ್ಲ. ಆದರೆ ಆಕಾಶ ಕಲಿತವಳಿಗೆ ಒಂದು ಅಭ್ಯಾಸ ಅಂಟುತ್ತದೆ. ಯಾರು ಏನೇ ಹೇಳಿದರೂ "ಅಳೆದು ನೋಡಿದ್ದೀರಾ?" ಅಂತ ಕೇಳುವ ಅಭ್ಯಾಸ. ನಾಳೆ ಬೀಜದ ಕಂಪನಿಯವನು ಬಂದಾಗ, ಚೀಟಿಯವನು ಬಂದಾಗ, ಓಟು ಕೇಳುವವನು ಬಂದಾಗ, ಮೊಬೈಲ್‌ನಲ್ಲಿ ಇಲ್ಲದ ಸುದ್ದಿ ಬಂದಾಗ, ಆ ಒಂದು ಪ್ರಶ್ನೆ ನಿಮ್ಮ ಮನೆಯನ್ನು ಕಾಯುತ್ತದೆ. ಅವಳನ್ನು ಓದಲು ಬಿಡಿ.